ಹೆಸರಿಗೆ ಕ್ಯಾಪಿಟಲ್ ಅಕ್ಷರ: ಆರು ವರ್ಷದ ಮಗುವಿಗೆ ಹೇಗೆ ಕಲಿಸುವುದು?

ನಿಮ್ಮ ಮಗಳಿಗೆ ಆರು ವರ್ಷ, ಇಂಗ್ಲಿಷಿನಲ್ಲಿ ಪುಟ್ಟ ಪುಟ್ಟ ವಾಕ್ಯ ಬರೆಯುತ್ತಾಳೆ, ಹೆಸರಿನ ಮೊದಲ ಅಕ್ಷರ ಕ್ಯಾಪಿಟಲ್ ಇರಬೇಕೆಂಬ ನಿಯಮವನ್ನು ಕೇಳಿದರೆ ಥಟ್ಟನೆ ಹೇಳುತ್ತಾಳೆ, ಬರೆಯುವಾಗ ಮಾತ್ರ ಗೆಳತಿಯ ಹೆಸರನ್ನೂ ಸ್ಮಾಲ್ ಲೆಟರಿನಿಂದ ಶುರು ಮಾಡುತ್ತಾಳೆ ಎಂದು ಕೇಳಿದ್ದೀರಿ. ಚಿಕ್ಕ ಮಕ್ಕಳಿಗೆ ಇಂಗ್ಲಿಷ್ ಬರೆಯಲು ಕಲಿಸುವವಳು ನಾನು. ನಿಮಗೆ ಹೇಳುವುದಿಷ್ಟು: ಕ್ಯಾಪಿಟಲ್ ಅಕ್ಷರದ ಮಾತನ್ನು ಕೆಲವು ದಿನ ಪಕ್ಕಕ್ಕಿಡಿ. ಯಾವುದು ಹೆಸರು, ಯಾವುದು ಅಲ್ಲ ಎಂಬುದು ಮೊದಲು ಅವಳ ಮಾತಿನಲ್ಲಿ ಗಟ್ಟಿಯಾಗಲಿ. ಪೆನ್ಸಿಲ್ ಆಮೇಲೆ.

ಕನ್ನಡ ಲಿಪಿಯಲ್ಲಿ ಕ್ಯಾಪಿಟಲ್, ಸ್ಮಾಲ್ ಎಂಬ ಭೇದವೇ ಇಲ್ಲ. ಅರಬ್ಬಿ, ಹೀಬ್ರೂ, ಚೀನೀ ಬರವಣಿಗೆಯಲ್ಲೂ ಇಲ್ಲ. ಪದದ ಕೆಲಸ ಬದಲಾದರೆ ಅಕ್ಷರದ ಆಕಾರವೂ ಬದಲಾಗುತ್ತದೆ ಎಂಬ ವಿಚಾರ ಕನ್ನಡ ಓದುವ ಮಗುವಿಗೆ ಪೂರಾ ಹೊಸದು. ಆದರೆ ಪದದ ಕೆಲಸ ಬದಲಾಗುವುದು ಅವಳಿಗೆ ಗೊತ್ತೇ ಇದೆ. "ಕೆರೆಯಲ್ಲಿ ಕಮಲ ಅರಳಿತು" ಎಂದರೆ ಹೂವು, "ಕಮಲ ಆಟಕ್ಕೆ ಬಂದಳು" ಎಂದರೆ ಹುಡುಗಿ. ಯಾವ ಮಗುವೂ ಇಲ್ಲಿ ತಪ್ಪುವುದಿಲ್ಲ. ನಮ್ಮ ವ್ಯಾಕರಣದ ಪಾಠದಲ್ಲಿ ರೂಢನಾಮ, ಅಂಕಿತನಾಮ ಎಂದು ಮುಂದೆ ಓದುವುದೂ ಇದನ್ನೇ. ಆ ಪಾರಿಭಾಷಿಕ ಪದಗಳು ಈಗ ಬೇಡ. "ಇಟ್ಟ ಹೆಸರು" ಎಂದರೆ ಸಾಕು.

ಆಟ ಮಾತಿನಲ್ಲೇ ನಡೆಯಲಿ. ನೀವು ಒಂದು ಪದ ಹೇಳಿ, ಅದು ಯಾರೋ ಇಟ್ಟ ಹೆಸರೋ, ಅಂಥವಕ್ಕೆಲ್ಲ ಹೇಳುವ ಪದವೋ ಎಂದು ಅವಳು ಹೇಳಲಿ. ಹುಡುಗಿ? ಅಂಥವರಿಗೆಲ್ಲ. ಗೀತಾ? ಇಟ್ಟ ಹೆಸರು. ನದಿ? ಎಲ್ಲ ನದಿಗೂ. ಗಂಗಾ? ಇಟ್ಟ ಹೆಸರು. ಆಮೇಲೆ ಸ್ವಲ್ಪ ಕಷ್ಟದ್ದು ಕೊಡಿ: ಹುಲಿಯನ್ನು ಇಂಗ್ಲಿಷಿನಲ್ಲಿ ಟೈಗರ್ ಅನ್ನುತ್ತೇವೆ, ಒಂದು ನಾಯಿಗೆ ಟೈಗರ್ ಅಂತ ಹೆಸರಿಟ್ಟಿದ್ದಾರೆ, ಈಗ? ಮಕ್ಕಳು ಇಲ್ಲಿ ಒಂದು ಕ್ಷಣ ನಿಂತು ಯೋಚಿಸುತ್ತಾರೆ. ವಿಷಯ ಒಳಗೆ ಇಳಿಯುವುದು ಆ ಕ್ಷಣದಲ್ಲೇ, ಆದ್ದರಿಂದ ಉತ್ತರ ಹೇಳಿಕೊಡಲು ಅವಸರ ಮಾಡಬೇಡಿ. "ನಮ್ಮ ತರಗತಿಯಲ್ಲಿ ಇಬ್ಬರು ಗೀತಾ ಇದ್ದಾರಲ್ಲ, ಆಗ?" ಎಂದು ಅವಳು ಕೇಳಿದರೆ ಖುಷಿಪಡಿ. ಇಬ್ಬರಿಗೂ ಅವರವರ ಮನೆಯವರು ಬೇರೆ ಬೇರೆಯಾಗಿ ಇಟ್ಟ ಹೆಸರು ಅದು, ಆದ್ದರಿಂದ ಎರಡೂ ಕ್ಯಾಪಿಟಲ್. "ಒಂದೇ ಒಂದು ಇರುವುದಕ್ಕೆ ಕ್ಯಾಪಿಟಲ್" ಎಂದು ಕೆಲವರು ಕಲಿಸುತ್ತಾರೆ. ಅದು ಇಂಥ ಪ್ರಶ್ನೆಯ ಮುಂದೆ ನಿಲ್ಲುವುದಿಲ್ಲ.

ಇನ್ನು ಬರವಣಿಗೆ. ಇಲ್ಲಿ ದೊಡ್ಡವರು ಗಮನಿಸದ ಒಂದು ತೊಡಕಿದೆ. ಸಿ, ಓ, ಎಸ್, ವಿ, ಡಬ್ಲ್ಯೂ, ಎಕ್ಸ್, ಝಡ್, ಈ ಏಳು ಅಕ್ಷರಗಳ ಕ್ಯಾಪಿಟಲ್ಲಿಗೂ ಸ್ಮಾಲಿಗೂ ಆಕಾರ ಒಂದೇ, ಗಾತ್ರ ಮಾತ್ರ ಬೇರೆ. ಕೆ, ಪಿ, ಯು ಕೂಡ ಹೆಚ್ಚುಕಡಿಮೆ ಹಾಗೆಯೇ. ಗೆರೆಯಿಲ್ಲದ ಹಾಳೆಯಲ್ಲಿ ಮಗು 'ಸೀತಾ' ಎಂದು ಇಂಗ್ಲಿಷಿನಲ್ಲಿ ಬರೆದರೆ, ಮೊದಲ ಎಸ್ ಕ್ಯಾಪಿಟಲ್ಲೋ ಸ್ಮಾಲೋ ಎಂದು ಅವಳಿಗೂ ಹೇಳಲಾಗದು, ನಿಮಗೂ ಹೇಳಲಾಗದು. ನಿಯಮ ಗೊತ್ತಿದ್ದೂ ತಪ್ಪೆಂದು ಗುರುತು ಬಿದ್ದರೆ ಮಗುವಿನ ಉತ್ಸಾಹ ಇಳಿದುಹೋಗುತ್ತದೆ. ಇದು ನನಗೆ ತುಂಬ ಬೇಸರ ತರುವ ಸಂಗತಿ. ಆದ್ದರಿಂದ ನಾಲ್ಕು ಗೆರೆಯ ಪುಸ್ತಕದಲ್ಲೇ ಬರೆಸಿ. ಕ್ಯಾಪಿಟಲ್ ಅಕ್ಷರ ಮೇಲಿನ ಮೊದಲ ಗೆರೆಯಿಂದ ಮೂರನೆಯ ಗೆರೆಯವರೆಗೆ ನಿಲ್ಲಬೇಕು, ಸ್ಮಾಲ್ ಎಸ್ ನಡುವಿನ ಎರಡು ಗೆರೆಗಳ ಒಳಗೇ ಇರಬೇಕು. ಶುರುವಿಗೆ ಆಕಾರ ಸ್ಪಷ್ಟವಾಗಿ ಬದಲಾಗುವ ಅಕ್ಷರದ ಹೆಸರುಗಳನ್ನೇ ಆರಿಸಿ: ಎ, ಬಿ, ಡಿ, ಜಿ, ಆರ್. ಅನು, ಗೀತಾ, ರವಿ ಮೊದಲು ಬರಲಿ. ಸೀತಾ, ವಿನಯ್ ಆಮೇಲೆ.

ಪದದ ನಡುವೆ ಕ್ಯಾಪಿಟಲ್ ಬಿ ಅಥವಾ ಡಿ ಹಾಕುತ್ತಿದ್ದಾಳೆಯೇ ನೋಡಿ. ಹಾಕುತ್ತಿದ್ದರೆ ಅದಕ್ಕೂ ಹೆಸರಿನ ನಿಯಮಕ್ಕೂ ಬಹುಶಃ ಸಂಬಂಧವಿಲ್ಲ. ಸ್ಮಾಲ್ ಬಿ, ಸ್ಮಾಲ್ ಡಿ ಕನ್ನಡಿಯಲ್ಲಿ ಕಂಡಂತೆ ಅದಲುಬದಲಾಗುತ್ತವೆ. ಯಾವ ಕಡೆ ಹೊಟ್ಟೆ ಎಂಬ ಗೊಂದಲ ತಪ್ಪಿಸಿಕೊಳ್ಳಲು ಎಷ್ಟೋ ಮಕ್ಕಳು ಧೈರ್ಯವಾಗಿ ಬರೆಯಬಲ್ಲ ಕ್ಯಾಪಿಟಲ್ಲನ್ನೇ ಬಳಸಿಬಿಡುತ್ತಾರೆ. ಆ ಎರಡು ಅಕ್ಷರಗಳನ್ನು ಬೇರೆಯಾಗಿ ಅಭ್ಯಾಸ ಮಾಡಿಸಿದರೆ ಇದು ತಾನಾಗಿ ಹೋಗುತ್ತದೆ.

ನಿಯಮ ಗೊತ್ತಿದ್ದರೂ ಬರೆಯುವಾಗ ಮರೆಯುವುದೇಕೆ ಎಂದು ಕೇಳಿದ್ದಿರಲ್ಲ. ಆರು ವರ್ಷದ ಮಗು ಒಂದು ವಾಕ್ಯ ಬರೆಯುವಾಗ ಏನು ಹೇಳಬೇಕೆಂದು ಯೋಚಿಸಬೇಕು, ಸ್ಪೆಲಿಂಗ್ ನೆನೆಯಬೇಕು, ಅಕ್ಷರ ತಿದ್ದಬೇಕು, ಪದಗಳ ನಡುವೆ ಜಾಗ ಬಿಡಬೇಕು. ಇಷ್ಟೆಲ್ಲದರ ನಡುವೆ ಕ್ಯಾಪಿಟಲ್ಲಿಗೆ ಗಮನ ಉಳಿಯುವುದಿಲ್ಲ. ಬರೆಯುವಾಗ ಏನೂ ಹೇಳಬೇಡಿ. ಬರೆದು ಮುಗಿಸಲಿ, ನೀರು ಕುಡಿದು ಬರಲಿ. ಆಮೇಲೆ ಒಂದು ಬಣ್ಣದ ಪೆನ್ಸಿಲ್ ಕೊಟ್ಟು, "ಇದರಲ್ಲಿ ಇಟ್ಟ ಹೆಸರು ಎಲ್ಲೆಲ್ಲಿ ಅಡಗಿವೆ, ಹುಡುಕು" ಎನ್ನಿ. ಅವಳೇ ಹುಡುಕಿ, ಅವಳೇ ಮೊದಲ ಅಕ್ಷರ ತಿದ್ದಲಿ. ನೀವು ಕೆಂಪು ಶಾಯಿಯಲ್ಲಿ ತಿದ್ದಿಕೊಟ್ಟರೆ ಕಲಿಯುವ ಕೆಲಸ ನಿಮ್ಮ ಪಾಲಾಗುತ್ತದೆ. ಕಾಲಕ್ರಮದಲ್ಲಿ ಈ ಹುಡುಕಾಟ ಬರೆಯುವ ಹೊತ್ತಿಗೇ ನಡೆಯತೊಡಗುತ್ತದೆ. ತಿಂಗಳುಗಳು ಹಿಡಿಯಬಹುದು, ಹಿಡಿಯಲಿ.

ನಡುವೆ ಒಂದು ಹಂತ ಬರುತ್ತದೆ, ಆಗ ಹೆದರಬೇಡಿ. ಅವಳಿಗೆ ಮುಖ್ಯ ಅನ್ನಿಸಿದ್ದಕ್ಕೆಲ್ಲ, ನಾಯಿ, ಮನೆ, ಶಾಲೆ ಎಲ್ಲಕ್ಕೂ, ಕ್ಯಾಪಿಟಲ್ ಹಾಕತೊಡಗುತ್ತಾಳೆ. ನಿಯಮ ತಲೆಯೊಳಗೆ ಕೆಲಸ ಮಾಡುತ್ತಿದೆ, ಗಡಿ ಮಾತ್ರ ತಿಳಿದಿಲ್ಲ ಎಂದು ಇದರರ್ಥ. ಇಂಗ್ಲಿಷಿನಲ್ಲೇ ಒಂದು ಕಾಲಕ್ಕೆ ಹೀಗೆ ಬರೆಯುತ್ತಿದ್ದರು: 1787ರ ಅಮೆರಿಕ ಸಂವಿಧಾನದ ಕೈಬರಹದ ಪ್ರತಿಯಲ್ಲಿ ಸಾಮಾನ್ಯ ನಾಮಪದಗಳೂ ಬಹುಪಾಲು ಕ್ಯಾಪಿಟಲ್ಲಿನಿಂದಲೇ ಶುರುವಾಗುತ್ತವೆ. ಜರ್ಮನ್ ಭಾಷೆಯಲ್ಲಿ ಇಂದಿಗೂ ಎಲ್ಲ ನಾಮಪದಕ್ಕೂ ಕ್ಯಾಪಿಟಲ್ಲೇ. ಹೀಗೆ ಹಾಕಿದಾಗ "ಇದು ಇಟ್ಟ ಹೆಸರಾ?" ಎಂಬ ಅದೇ ಪ್ರಶ್ನೆ ಕೇಳಿ, ಬೇರೇನೂ ಬೇಡ.

ಆ ಪ್ರಶ್ನೆಗೆ ಸಿಗದವೂ ಇವೆ. ವಾರ, ತಿಂಗಳುಗಳ ಹೆಸರಿಗೆ ಇಂಗ್ಲಿಷಿನಲ್ಲಿ ಕ್ಯಾಪಿಟಲ್, ಬೇಸಿಗೆ, ಚಳಿಗಾಲಗಳಿಗೆ ಇಲ್ಲ. ಫ್ರೆಂಚರು ವಾರ, ತಿಂಗಳುಗಳನ್ನೂ ಸ್ಮಾಲಿನಲ್ಲೇ ಬರೆಯುತ್ತಾರೆ. ಇದು ಆಯಾ ಭಾಷೆಯ ರೂಢಿ ಅಷ್ಟೆ, ತರ್ಕ ಹುಡುಕದೆ ನೆನಪಿಡಬೇಕು ಎಂದು ಮಗುವಿಗೆ ನೇರವಾಗಿ ಹೇಳಿ. 'ನಾನು' ಎಂಬ ಅರ್ಥದ 'ಐ' ಕೂಡ ಹಾಗೆಯೇ. ವಾರದ ಏಳು ದಿನಗಳ ಹೆಸರನ್ನು ಒಂದು ಪಟ್ಟಿಯಲ್ಲಿ ಕೈಯಲ್ಲೇ ಬರೆದು ಅಂಟಿಸಿ. ಅಚ್ಚಾದ ಕ್ಯಾಲೆಂಡರುಗಳಲ್ಲಿ ಎಷ್ಟೋ ಸಲ ಪದ ಪೂರ್ತಿ ಕ್ಯಾಪಿಟಲ್ಲಿನಲ್ಲಿರುತ್ತದೆ, ಅಲ್ಲಿ ನಿಯಮ ಕಾಣಿಸುವುದಿಲ್ಲ. ಬೋರ್ಡುಗಳದ್ದೂ ಇದೇ ಕತೆ.

ಎಲ್ಲವನ್ನೂ ಈ ವರ್ಷವೇ ಮುಗಿಸಬೇಕಿಲ್ಲ. ಯಾವ ತರಗತಿಯಲ್ಲಿ ಏನು ಕಲಿಯಬೇಕೆಂದು ಹೇಳುವ ಅಮೆರಿಕದ ಕಾಮನ್ ಕೋರ್ ಎಂಬ ಶಾಲಾ ಮಾನದಂಡಗಳಲ್ಲಿ ವಾಕ್ಯದ ಮೊದಲ ಪದ ಮತ್ತು 'ಐ' ಕಿಂಡರ್‌ಗಾರ್ಟನ್‌ನಲ್ಲಿ, ವ್ಯಕ್ತಿಗಳ ಹೆಸರು ಮತ್ತು ದಿನಾಂಕ ಒಂದನೇ ತರಗತಿಯಲ್ಲಿ ಬರುತ್ತವೆ. ಹಬ್ಬ, ಊರು, ನದಿ, ಮಾರಾಟದ ವಸ್ತುಗಳ ಹೆಸರಿಗೆ ಎರಡನೇ ತರಗತಿಯವರೆಗೆ ಸಮಯವಿದೆ. ನೀವೂ ಮೊದಲು ಮನುಷ್ಯರ ಹೆಸರುಗಳನ್ನಷ್ಟೇ ನೋಡಿ, ಉಳಿದವನ್ನು ಕಂಡೂ ಬಿಟ್ಟುಬಿಡಿ. "ನನ್ನ ಅಮ್ಮ" ಎನ್ನುವಾಗ 'ಮಾಮ್' ಸ್ಮಾಲ್, ಹೆಸರಿನ ಬದಲು "ಮಾಮ್" ಎಂದು ಕರೆಯುವಾಗ ಕ್ಯಾಪಿಟಲ್ ಎಂಬ ಸೂಕ್ಷ್ಮವಂತೂ ಈಗ ಬೇಡವೇ ಬೇಡ. ಅವಳಾಗಿ ಕೇಳಿದ ದಿನ ಹೇಳಿಕೊಡಿ.