ಬೇಸ್ ಆಂಪ್ಲಿಫೈಯರ್‌ನ ಗುಂಯ್ ಸದ್ದು: ಮೊದಲು ಸ್ವರ ಕೇಳಿ, ಆಮೇಲೆ ಸ್ಕ್ರೂ ಬಿಚ್ಚಿ

ಪ್ರಶ್ನೆ: ನಾನು ಒಂದು ಆರ್ಕೆಸ್ಟ್ರಾ ತಂಡದಲ್ಲಿ ಬೇಸ್ ಗಿಟಾರ್ ನುಡಿಸುತ್ತೇನೆ. ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡ, ಟ್ರಾನ್ಸಿಸ್ಟರ್ ಮಾದರಿಯ 100 ವ್ಯಾಟ್‌ನ ನನ್ನ ಕಾಂಬೊ ಆಂಪ್ (ಆಂಪ್, ಸ್ಪೀಕರ್ ಎರಡೂ ಒಂದೇ ಪೆಟ್ಟಿಗೆಯಲ್ಲಿರುವುದು) ಎರಡು ತಿಂಗಳಿಂದ ಆನ್ ಮಾಡಿದೊಡನೆ ಗುಂಯ್‌ಗುಡುತ್ತದೆ. ವಾಲ್ಯೂಮ್ ಸೊನ್ನೆಗೆ ತಂದರೂ, ಗಿಟಾರಿನ ಕೇಬಲ್ ಕಿತ್ತರೂ ಸದ್ದು ಹೋಗುವುದಿಲ್ಲ. ಪೆಟ್ಟಿಗೆಯ ಮೇಲೆ ತಟ್ಟಿದರೆ ಕೆಲವೊಮ್ಮೆ ತಗ್ಗುತ್ತದೆ. ಜೋರಾಗಿ ನುಡಿಸಿದಾಗ ಕೆಳಸ್ವರಗಳು ಒಡೆದು ಕೇಳುತ್ತವೆ. ರಿಪೇರಿ ಅಂಗಡಿಯವರು ಟ್ರಾನ್ಸ್‌ಫಾರ್ಮರ್ ಬದಲಿಸಬೇಕು ಎನ್ನುತ್ತಿದ್ದಾರೆ. ನಿಜವೇ? ಬೆಸುಗೆ ಕೆಲಸ ನನಗೆ ಸ್ವಲ್ಪ ಬರುತ್ತದೆ.

ಉತ್ತರ: ಟ್ರಾನ್ಸ್‌ಫಾರ್ಮರ್ ಬದಲಿಸಲು ಈಗಲೇ ಒಪ್ಪಬೇಡಿ. ಟ್ರಾನ್ಸ್‌ಫಾರ್ಮರ್ ಗುಂಯ್‌ಗುಡುವುದುಂಟು, ಆದರೆ ಆ ಸದ್ದು ಅದರ ತಗಡಿನ ಪದರಗಳಿಂದಲೇ ಬರುತ್ತದೆ, ಸ್ಪೀಕರ್‌ನಿಂದಲ್ಲ. ಪವರ್ ಆಫ್ ಮಾಡಿ ಸ್ಪೀಕರ್ ತಂತಿಯನ್ನು ಕಳಚಿ, ಮತ್ತೆ ಆನ್ ಮಾಡಿ ಕೇಳಿ. ಸದ್ದು ಪೂರಾ ನಿಂತರೆ ಟ್ರಾನ್ಸ್‌ಫಾರ್ಮರ್‌ನ ಮೇಲಿನ ಆರೋಪಕ್ಕೆ ಆಧಾರವೇ ಉಳಿಯುವುದಿಲ್ಲ. (ವಾಲ್ವ್ ಆಂಪ್‌ನಲ್ಲಿ ಈ ಪರೀಕ್ಷೆ ಮಾಡಬಾರದು, ಸ್ಪೀಕರ್ ಇಲ್ಲದೆ ಓಡಿಸಿದರೆ ಅದರ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಡಬಹುದು. ಅಲ್ಲಿ ನೂರಾರು ವೋಲ್ಟ್ ಇರುವುದರಿಂದ ಅದನ್ನು ತೆರೆಯುವ ಕೆಲಸವೇ ಅನುಭವಿಗಳದ್ದು.) ವಾಲ್ಯೂಮ್ ಸೊನ್ನೆಯಲ್ಲಿದ್ದರೂ ಸದ್ದು ಉಳಿಯುತ್ತದೆ ಎಂದು ನೀವೇ ಬರೆದಿದ್ದೀರಿ. ಎಂದರೆ ಗಿಟಾರ್, ಕೇಬಲ್ ಮತ್ತು ವಾಲ್ಯೂಮ್‌ಗಿಂತ ಮೊದಲಿನ ಪ್ರೀ ಆಂಪ್ (ಗಿಟಾರಿನ ಸಣ್ಣ ಸಿಗ್ನಲ್ಲನ್ನು ಮೊದಲು ಹಿಗ್ಗಿಸುವ ಭಾಗ) ಹಂತಗಳನ್ನು ಬಹುಮಟ್ಟಿಗೆ ಬಿಟ್ಟುಬಿಡಬಹುದು. ಉಳಿಯುವುದು ಪವರ್ ಸಪ್ಲೈ ಮತ್ತು ಸ್ಪೀಕರನ್ನು ಓಡಿಸುವ ಪವರ್ ಆಂಪ್.

ಇನ್ನು ಮುಂದಿನ ಸುಳಿವು ನಿಮ್ಮ ಕೈಯಲ್ಲಿರುವ ವಾದ್ಯದಲ್ಲೇ ಇದೆ. ನಮ್ಮ ಮನೆಯ ವಿದ್ಯುತ್ತಿನ ಆವರ್ತನ 50 ಹರ್ಟ್ಸ್. ಎಸಿಯನ್ನು ಡಿಸಿಗೆ ಬದಲಿಸುವ, ನಾಲ್ಕು ಡಯೋಡ್‌ಗಳ ಬ್ರಿಜ್ ರೆಕ್ಟಿಫೈಯರ್ ಅದರ ಎರಡೂ ಅರ್ಧಗಳನ್ನು ಒಂದೇ ದಿಕ್ಕಿಗೆ ತಿರುಗಿಸುವುದರಿಂದ ಅಲ್ಲಿಂದ ಹೊರಬೀಳುವ ಏರಿಳಿತ 100 ಹರ್ಟ್ಸ್ ಆಗಿರುತ್ತದೆ. ಸರಿಯಾಗಿ ಶ್ರುತಿ ಮಾಡಿದ ಬೇಸ್‌ನ ಜಿ ತಂತಿಯನ್ನು ತೆರೆದು ನುಡಿಸಿದರೆ ಬರುವ ಸ್ವರ 98 ಹರ್ಟ್ಸ್. ಅದನ್ನು ಮೆಲ್ಲಗೆ ಮೀಟಿ, ಆಂಪ್‌ನ ಸದ್ದಿನೊಡನೆ ಕೇಳಿಸಿಕೊಳ್ಳಿ. ಎರಡೂ ಹೆಚ್ಚುಕಡಿಮೆ ಒಂದೇ ಸ್ವರವಾಗಿ ಕೇಳಿ, ಸೆಕೆಂಡಿಗೆ ಎರಡು ಸಲ ಅಲೆಯಂತೆ ಏರಿಳಿದರೆ ಅದು 100 ಹರ್ಟ್ಸ್‌ನ ಸದ್ದು. ರೆಕ್ಟಿಫೈಯರ್ ಕೆಲಸ ಮಾಡುತ್ತಿದೆ, ಅದರ ಮುಂದೆ ಈ ಏರಿಳಿತವನ್ನು ಸಮಮಾಡಬೇಕಾದ ಫಿಲ್ಟರ್ ಕೆಪಾಸಿಟರ್ ಕೈಕೊಟ್ಟಿದೆ. ಸದ್ದು ಅದಕ್ಕಿಂತ ಒಂದು ಸಪ್ತಕ ಕೆಳಗೆ, ಇ ತಂತಿಯ ಮೂರನೆಯ ಫ್ರೆಟ್‌ನ ಬಳಿ ಕೂತಿದ್ದರೆ ಅದು 50 ಹರ್ಟ್ಸ್‌ನದು. ಆಗ ಬ್ರಿಜ್‌ನ ಒಂದು ಡಯೋಡ್ ಒಳಗೇ ಕಡಿದು ಓಪನ್ ಆಗಿರಬಹುದು, ಇಲ್ಲವೇ ಒಳಗಿನ ಗ್ರೌಂಡ್ ತಂತಿ ಬಿಟ್ಟಿರಬಹುದು. ಡಯೋಡ್ ಶಾರ್ಟ್ ಆಗಿದ್ದರೆ ಇಷ್ಟೆಲ್ಲ ಕೇಳುವ ಅವಕಾಶವೇ ಸಿಗುತ್ತಿರಲಿಲ್ಲ, ಫ್ಯೂಸ್ ಹಾರಿಹೋಗುತ್ತಿತ್ತು.

ನೀವು ಹೇಳಿದ ಲಕ್ಷಣಗಳನ್ನು ನೋಡಿದರೆ ನನ್ನ ಅನುಮಾನ 100 ಹರ್ಟ್ಸ್‌ನ ಕಡೆಗೇ ವಾಲುತ್ತದೆ. ಈ ಗಾತ್ರದ ಆಂಪ್‌ಗಳಲ್ಲಿ ಸಾಮಾನ್ಯವಾಗಿ 35-0-35 ವೋಲ್ಟ್‌ನ (ನಡುವಿನ ಸೊನ್ನೆಯಿಂದ ಎರಡೂ ಬದಿಗೆ 35 ವೋಲ್ಟ್ ಎಸಿ ಕೊಡುವ) ಟ್ರಾನ್ಸ್‌ಫಾರ್ಮರ್, ಒಂದು ಬ್ರಿಜ್, 4700 ಮೈಕ್ರೊಫ್ಯಾರಡ್ 63 ವೋಲ್ಟ್‌ನ ಎರಡು ಕೆಪಾಸಿಟರ್‌ಗಳು ಇರುತ್ತವೆ. ಪ್ಲಸ್ ಮತ್ತು ಮೈನಸ್ ಎರಡೂ ಕಡೆ 48-49 ವೋಲ್ಟ್ ಡಿಸಿ ಸಿಗುತ್ತದೆ. ಸುಸ್ಥಿತಿಯಲ್ಲಿರುವ ಕೆಪಾಸಿಟರ್‌ನಿಂದ 2 ಆಂಪಿಯರ್ ಎಳೆದಾಗ ಏರಿಳಿತ ಸುಮಾರು 4 ವೋಲ್ಟ್ ಮಾತ್ರ. ಅದೇ ಕೆಪಾಸಿಟರ್ ಒಣಗಿ 1000 ಮೈಕ್ರೊಫ್ಯಾರಡ್‌ಗೆ ಇಳಿದಿದ್ದರೆ ಏರಿಳಿತ 20 ವೋಲ್ಟ್ ಮುಟ್ಟುತ್ತದೆ. ಬೇಸ್‌ನ ಕೆಳಸ್ವರಗಳು ಹೆಚ್ಚು ವಿದ್ಯುತ್ ಬೇಡುವ ಹೊತ್ತಿಗೆ ಸರಿಯಾಗಿ ವೋಲ್ಟೇಜ್ ಕುಸಿಯುವುದರಿಂದ ಸ್ವರದ ತುದಿ ಕತ್ತರಿಸಿದಂತಾಗಿ, ನಿಮಗೆ ಒಡೆದ ಧ್ವನಿ ಕೇಳುತ್ತದೆ.

ಆದರೆ ತಟ್ಟಿದರೆ ಸದ್ದು ತಗ್ಗುತ್ತದೆ ಎಂಬ ಮಾತು ಇನ್ನೊಂದನ್ನು ಹೇಳುತ್ತಿದೆ. ಒಣಗಿದ ಕೆಪಾಸಿಟರ್ ತಟ್ಟಿದರೆ ಸರಿಹೋಗುವುದಿಲ್ಲ, ಬಿಟ್ಟುಕೊಂಡ ಬೆಸುಗೆ ಸರಿಹೋಗುತ್ತದೆ. ಕಾಂಬೊ ಆಂಪ್‌ನಲ್ಲಿ ಸರ್ಕಿಟ್ ಬೋರ್ಡ್ ಸ್ಪೀಕರ್ ಇರುವ ಪೆಟ್ಟಿಗೆಯೊಳಗೇ ವರ್ಷಗಟ್ಟಲೆ ನಡುಗುತ್ತಿರುತ್ತದೆ. ಬೋರ್ಡ್ ಮೇಲಿನ ಭಾರವಾದ ವಸ್ತುಗಳೆಂದರೆ ಈ ಕೆಪಾಸಿಟರ್‌ಗಳೇ. ಬೋರ್ಡನ್ನು ತಿರುವಿ ಅವುಗಳ ಕಾಲಿನ ಸುತ್ತ ದೀಪದ ಬೆಳಕನ್ನು ಓರೆಯಾಗಿ ಬಿಟ್ಟು ನೋಡಿ: ಬೆಸುಗೆಯ ಗುಡ್ಡೆಯ ನಡುವೆ, ಕಾಲನ್ನು ಬಳಸಿ, ಕೂದಲೆಳೆಯಷ್ಟು ತೆಳುವಾದ ಕಪ್ಪು ಉಂಗುರ ಕಂಡರೆ ಕಳ್ಳ ಅಲ್ಲೇ ಇದ್ದಾನೆ.

ತೆರೆಯುವ ಮುನ್ನ ಪ್ಲಗ್ ಕಿತ್ತಿಡಿ. ನಂತರ 470 ಓಮ್, 10 ವ್ಯಾಟ್‌ನ ರೆಸಿಸ್ಟರ್‌ನ ಕಾಲುಗಳನ್ನು ಇನ್ಸುಲೇಷನ್ ಇರುವ ಇಕ್ಕಳದಲ್ಲಿ ಹಿಡಿದು ಒಂದೊಂದು ಕೆಪಾಸಿಟರ್‌ಗೂ ಹದಿನೈದು ಸೆಕೆಂಡ್ ತಾಗಿಸಿ, ಮೀಟರ್‌ನಲ್ಲಿ ಸೊನ್ನೆ ನೋಡಿಕೊಳ್ಳಿ. ಸ್ಕ್ರೂಡ್ರೈವರ್ ಅಡ್ಡ ಹಿಡಿದು ಚಟ್ ಎನ್ನಿಸುವ ಅಭ್ಯಾಸ ಬೇಡ; ಅದರಿಂದ ಟ್ರ್ಯಾಕ್ ಕಿತ್ತುಬಂದ ಬೋರ್ಡ್‌ಗಳನ್ನು ಬೇಕಾದಷ್ಟು ನೋಡಿದ್ದೇನೆ. ಹಳೆಯ ಬೆಸುಗೆಯನ್ನು ಪೂರ್ತಿ ಹೀರಿ ತೆಗೆದು, ಕಾಲನ್ನು ಕೆರೆದು, 60 ವ್ಯಾಟ್‌ನ ಐರನ್‌ನಿಂದ ಹೊಸದಾಗಿ ಬೆಸೆಯಿರಿ. 25 ವ್ಯಾಟ್‌ನ ಐರನ್ ಬಿಸಿ ಅಗಲವಾದ ತಾಮ್ರದ ಗ್ರೌಂಡ್‌ಗೆ ಸಾಲದೆ, ಮೇಲೆ ಹೊಳಪು, ಒಳಗೆ ಟೊಳ್ಳು ಎಂಬಂಥ ಬೆಸುಗೆಯಾಗುತ್ತದೆ.

ಮರುಜೋಡಣೆಯ ಬಳಿಕ ನೇರವಾಗಿ 230 ವೋಲ್ಟ್ ಕೊಡಬೇಡಿ. 100 ವ್ಯಾಟ್‌ನ ಹಳೆಯ ಫಿಲಮೆಂಟ್ ಬಲ್ಬನ್ನು ಆಂಪ್‌ಗೆ ಹೋಗುವ ಲೈನ್‌ನಲ್ಲಿ ಸೀರೀಸ್‌ ಆಗಿ ಹಾಕಿ, ಸ್ಪೀಕರ್ ಇಲ್ಲದೆ ಆನ್ ಮಾಡಿ. ಬಲ್ಬು ಒಮ್ಮೆ ಮಿಂಚಿ ಮಂಕಾದರೆ ಸರಿ; ಉರಿಯುತ್ತಲೇ ಇದ್ದರೆ ಎಲ್ಲೋ ಶಾರ್ಟ್ ಇದೆ, ತಕ್ಷಣ ಆಫ್ ಮಾಡಿ. ಮಂಕಾದ ಮೇಲೆ ಬಲ್ಬು ತೆಗೆದು ಎರಡೂ ಕಡೆಯ ಡಿಸಿಯನ್ನು ಅಳೆಯಿರಿ. ಒಂದು ಕಡೆ 49, ಇನ್ನೊಂದು ಕಡೆ 31ರ ಆಸುಪಾಸು ಎಂದು ಬಂದರೆ 31 ತೋರಿಸಿದ ಬದಿಯ ಕೆಪಾಸಿಟರ್ ಇನ್ನೂ ಸಂಪರ್ಕಕ್ಕೇ ಬಂದಿಲ್ಲ, ಮೀಟರ್ ಬರಿಯ ಏರಿಳಿತದ ಸರಾಸರಿಯನ್ನು ತೋರಿಸುತ್ತಿದೆ. ಸ್ಪೀಕರ್ ಟರ್ಮಿನಲ್‌ನಲ್ಲಿ ಡಿಸಿ 50 ಮಿಲಿವೋಲ್ಟ್‌ನೊಳಗೆ ಇರಬೇಕು. ಅಲ್ಲಿ ಹತ್ತಾರು ವೋಲ್ಟ್ ಕಂಡರೆ ಔಟ್‌ಪುಟ್ ಟ್ರಾನ್ಸಿಸ್ಟರ್ ಶಾರ್ಟ್ ಆಗಿದೆ ಎಂದರ್ಥ. ಅಂಥ ಆಂಪ್‌ಗೆ ಸ್ಪೀಕರ್ ಜೋಡಿಸಿದರೆ ಅದರ ಕೋನ್ ಒಂದೇ ಕಡೆಗೆ ತಳ್ಳಿ ನಿಂತು, ಕಾಯಿಲ್ ಸುಟ್ಟುಹೋಗುತ್ತದೆ.

ಬೆಸುಗೆಯ ನಂತರವೂ ಸದ್ದು ಉಳಿದರೆ ಎರಡು ಕೆಪಾಸಿಟರ್‌ಗಳನ್ನೂ ಒಟ್ಟಿಗೆ ಬದಲಿಸಿ. 105 ಡಿಗ್ರಿ ಎಂದು ಬರೆದಿರುವುದನ್ನೇ ಕೊಳ್ಳಿ, 63 ವೋಲ್ಟ್‌ಗಿಂತ ಕಡಿಮೆಯದು ಬೇಡ, ಪೋಲಾರಿಟಿ ತಪ್ಪಿಸಬೇಡಿ. ದೊಡ್ಡದಿದ್ದರೆ ಒಳ್ಳೆಯದಲ್ಲವೇ ಎಂದು 22,000 ಮೈಕ್ರೊಫ್ಯಾರಡ್‌ನದು ಹಾಕಿದರೆ ಆನ್ ಮಾಡುವ ಕ್ಷಣದ ಹೊಡೆತವನ್ನು ಫ್ಯೂಸ್ ಮತ್ತು ಬ್ರಿಜ್ ತಾಳಲಾರವು. ಅಲುಗಾಡದಂತೆ ಬುಡಕ್ಕೆ ಸಿಲಿಕೋನ್ ಹಚ್ಚುವುದಾದರೆ ವಿನಿಗರ್ ವಾಸನೆಯದು ಬೇಡ, ಅದು ತಾಮ್ರವನ್ನು ತಿನ್ನುತ್ತದೆ.

ಪ್ರಶ್ನೆ: ನನ್ನ ಬೇಸ್ ಆಂಪ್ ಮನೆಯಲ್ಲಿ ನಿಶ್ಶಬ್ದವಾಗಿರುತ್ತದೆ. ಕಾರ್ಯಕ್ರಮಗಳಲ್ಲಿ ಅದರ ಡಿಐ ಔಟ್‌ನಿಂದ (ಸಿಗ್ನಲ್ಲನ್ನು ನೇರವಾಗಿ ಹೊರಗೆ ಕೊಡುವ ಜಾಕ್) ಮಿಕ್ಸರ್‌ಗೆ ಜೋಡಿಸಿದರೆ ಮಾತ್ರ ಗುಂಯ್‌ಗುಡುತ್ತದೆ. ಪ್ಲಗ್‌ನ ಅರ್ತ್ ಪಿನ್ ತೆಗೆದರೆ ಸದ್ದು ಹೋಗುತ್ತದೆ. ಹಾಗೆಯೇ ಬಳಸಬಹುದೇ?

ಉತ್ತರ: ಖಂಡಿತ ಬಳಸಬಾರದು. ಆಂಪ್ ಮತ್ತು ಮಿಕ್ಸರ್ ಬೇರೆ ಬೇರೆ ಸ್ವಿಚ್ ಬೋರ್ಡ್‌ಗಳಿಂದ ವಿದ್ಯುತ್ ಪಡೆಯುವಾಗ ಎರಡರ ಅರ್ತ್‌ಗಳ ನಡುವೆ ಸಣ್ಣ ವ್ಯತ್ಯಾಸವಿರುತ್ತದೆ; ನಿಮ್ಮ ಸಿಗ್ನಲ್ ಕೇಬಲ್‌ನ ಶೀಲ್ಡ್ ಮೂಲಕ ಅದು ಸುತ್ತು ಹೊಡೆಯುತ್ತದೆ. ಈ ಸುತ್ತನ್ನು ಕತ್ತರಿಸಬೇಕಾದ ಜಾಗ ಶೀಲ್ಡ್, ಅರ್ತ್ ಪಿನ್ ಅಲ್ಲ. ಆಂಪ್‌ನ ಹಿಂಬದಿಯಲ್ಲಿ ಡಿಐ ಔಟ್‌ನ ಪಕ್ಕದಲ್ಲಿ, ಶೀಲ್ಡ್‌ನ ಸಂಪರ್ಕ ಬಿಡಿಸುವ ಗ್ರೌಂಡ್ ಲಿಫ್ಟ್ ಸ್ವಿಚ್ ಇದೆಯೇ ನೋಡಿ. ಇಲ್ಲದಿದ್ದರೆ ಟ್ರಾನ್ಸ್‌ಫಾರ್ಮರ್ ಇರುವ ಡಿಐ ಬಾಕ್ಸ್ ಒಂದನ್ನು ಕೊಳ್ಳಿ. ಸಾಧ್ಯವಾದಲ್ಲಿ ಎರಡಕ್ಕೂ ಒಂದೇ ಬೋರ್ಡ್‌ನಿಂದ ಲೈನ್ ಎಳೆಯಲು ಮೈಕ್ ಸೆಟ್‌ನವರಿಗೆ ಹೇಳಿ. ಅರ್ತ್ ಇಲ್ಲದ ಆಂಪ್‌ನೊಳಗೆ ಇನ್ಸುಲೇಷನ್ ಸೋತ ದಿನ 230 ವೋಲ್ಟ್ ನಿಮ್ಮ ತಂತಿಗಳ ಮೇಲೆ ಬಂದು ಕೂತಿರುತ್ತದೆ. ಕೋರಸ್ ಹಾಡಲೆಂದು ತಂತಿಯ ಮೇಲೆ ಕೈಯಿಟ್ಟುಕೊಂಡೇ ಅರ್ತ್ ಆಗಿರುವ ಮೈಕ್‌ಗೆ ತುಟಿ ತಾಗಿಸಿದ ಕ್ಷಣ ಅದು ನಿಮ್ಮ ಎದೆಯನ್ನು ಹಾದೇ ಹೋಗುತ್ತದೆ.