ವಿಡಿಯೊ ಕ್ಯಾಮೆರಾಗೆ ಪುಟ್ಟ ಎಲ್‌ಇಡಿ ಲೈಟ್ ಕೊಳ್ಳುವಾಗ ಮೊದಲು ಏನು ನೋಡಬೇಕು?

ಸಿಆರ್‌ಐ ನೋಡಿ. 95 ಅಥವಾ ಅದಕ್ಕಿಂತ ಜಾಸ್ತಿ ಇರಲಿ. ಆ ಬೆಳಕಲ್ಲಿ ಬಣ್ಣಗಳು ಎಷ್ಟು ಸಹಜವಾಗಿ ಕಾಣುತ್ತವೆ ಅನ್ನುವುದರ ಅಳತೆ ಅದು; 100 ಅಂದರೆ ಗರಿಷ್ಠ. ವ್ಯಾಟ್, ಬಲ್ಬುಗಳ ಲೆಕ್ಕ ಎಲ್ಲ ಆಮೇಲೆ.

ಯಾಕೆಂದರೆ ಬಿಳಿ ಎಲ್‌ಇಡಿ ಸಾಮಾನ್ಯವಾಗಿ ಒಳಗೆ ನೀಲಿ ಎಲ್‌ಇಡಿಯೇ. ಮೇಲೆ ಬಳಿದ ಫಾಸ್ಫರ್ ಪದರ ನೀಲಿಯ ಒಂದು ಪಾಲನ್ನು ಹಳದಿ ಬೆಳಕಾಗಿ ಮಾಡುತ್ತದೆ. ಎರಡೂ ಸೇರಿ ಕಣ್ಣಿಗೆ ಬಿಳಿ. ಆದರೆ ಅಗ್ಗದ ಲೈಟುಗಳಲ್ಲಿ ಕಡು ಕೆಂಪು ತೀರಾ ಕಡಿಮೆ. ಮುಖಕ್ಕೆ ಕಳೆ ಕೊಡುವುದೇ ಅದು ಅಲ್ವಾ? ಮದುವೆ ಶೂಟಿಂಗಿನಲ್ಲಿ ಮದುಮಗಳ ಮುಖ ಪೇಲವ, ಕೆಂಪು ರೇಷ್ಮೆ ಸೀರೆ ಮಂಕು. ಬೆಳಕಲ್ಲೇ ಇಲ್ಲದ ಬಣ್ಣವನ್ನು ಎಡಿಟಿಂಗಿನಲ್ಲಿ ಸರಿಯಾಗಿ ವಾಪಸ್ ತರೋಕಾಗಲ್ಲ.

ಬೆಳಕಿನ ಬಣ್ಣವನ್ನು 3200ರಿಂದ (ಹಳದಿ) 5600 ಕೆಲ್ವಿನ್‌ವರೆಗೆ (ಹಗಲಿನ ಬಿಳಿ) ಬದಲಾಯಿಸುವಂತಿದ್ದರೆ ಹಳದಿ ಬಲ್ಬಿಗೂ ಹಗಲಿಗೂ ಹೊಂದುತ್ತದೆ. ಬ್ಯಾಟರಿ ಸೋನಿ ವಿಡಿಯೊ ಕ್ಯಾಮೆರಾಗಳ ಎನ್‌ಪಿ-ಎಫ್ ಮಾದರಿಯದಾದರೆ ಸುಲಭವಾಗಿ ಸಿಗುತ್ತದೆ.

ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡಿ. ಲೈಟನ್ನು ಪೂರ್ತಿ ಮಂದ ಮಾಡಿ, ಶಟರ್ ವೇಗ ಏರಿಸಿ, ನಿಮ್ಮ ಅಂಗೈಯನ್ನೇ ಶೂಟ್ ಮಾಡಿ. ಪರದೆ ಮೇಲೆ ಕಪ್ಪು ಪಟ್ಟೆಗಳು ಓಡಿದರೆ ಬೆಳಕು ಮಿನುಗುತ್ತಿದೆ ಅಂತ ಅರ್ಥ; ಆ ಲೈಟ್ ಬೇಡ, ಎಷ್ಟೇ ಡಿಸ್ಕೌಂಟ್ ಕೊಟ್ಟರೂ.