ಕೊಟ್ಟಿಗೆಯ ಹಳೆ ಕಂಬ ಒಲೆಗೆ ಹಾಕಬಹುದಾ?

ಪ್ರಶ್ನೆ: ನಮ್ಮದು ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿ. ಹಳೆ ಕೊಟ್ಟಿಗೆ ಕೆಡವಿದೆವು. ತಾತ ಹರಾಜಿನಲ್ಲಿ ತಂದಿದ್ದ ಕಪ್ಪು ರೈಲ್ವೆ ಸ್ಲೀಪರ್‌ಗಳು, ದ್ರಾಕ್ಷಿ ಚಪ್ಪರದ್ದು ಅಂತ ಔಷಧಿ ಹಾಕಿದ ಕಂಬಗಳು ಉಳಿದಿವೆ. ಒಂದೆರಡು ಕಂಬ ಬಚ್ಚಲ ಒಲೆಗೆ ಹಾಕಿದ್ದೂ ಆಯಿತು. ಬೂದಿ ಹಿಪ್ಪುನೇರಳೆ ತೋಟಕ್ಕೆ ಹಾಕಬಹುದಾ? ಉಳಿದ ಮರ ಏನು ಮಾಡಲಿ?

ಉತ್ತರ: ಮೊದಲು ಒಲೆಗೆ ಹಾಕುವುದನ್ನು ನಿಲ್ಲಿಸಿ. ಬೂದಿ ತೋಟಕ್ಕೂ ಬೇಡ, ತಿಪ್ಪೆಗೂ ಬೇಡ.

ಕಂಬದ ತುದಿಯನ್ನು ಸ್ವಲ್ಪ ಕೊಯ್ದು ನೋಡಿ. ಹೊರಸುತ್ತು ತಿಳಿ ಹಸಿರು, ನಡುವಿನ ತಿರುಳು ಮಾತ್ರ ಮರದ ಬಣ್ಣದ್ದೇ ಇದ್ದರೆ ಅದು ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಕುಡಿಸಿದ ಮರ. ಈ ಔಷಧಿ ನಮ್ಮ ದೇಶದ್ದೇ. 1933ರಲ್ಲಿ ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ಸೊಂಟಿ ಕಾಮೇಶನ್ ಕಂಡುಹಿಡಿದರು. ಗೆದ್ದಲಿಗೆ ಬಲು ಗಟ್ಟಿ ಮದ್ದು. ಆದರೆ ಆರ್ಸೆನಿಕ್ ಸುಟ್ಟರೆ ನಾಶ ಆಗುವುದಿಲ್ಲ. ಸ್ವಲ್ಪ ಹೊಗೆಯಲ್ಲಿ ಹೋಗುತ್ತದೆ, ಉಳಿದದ್ದು ಬೂದಿಯಲ್ಲೇ ಕೂರುತ್ತದೆ. ಆ ಬೂದಿ ಉಪ್ಪುಪ್ಪು ಅಂತ ದನ ನೆಕ್ಕಿ ಸತ್ತ ಪ್ರಕರಣಗಳು ಬೇರೆ ದೇಶಗಳಲ್ಲಿ ದಾಖಲಾಗಿವೆ. ಬಿಸಿಲು ಮಳೆಗೆ ಹಳತಾದ ಕಂಬದಲ್ಲಿ ಹಸಿರು ಮಾಸಿರುತ್ತದೆ. ಬಣ್ಣ ಕಾಣದಿದ್ದರೆ ವಿಷ ಇಲ್ಲ ಅಂದುಕೊಳ್ಳಬೇಡಿ.

ಸ್ಲೀಪರ್ ಕಥೆಯೇ ಬೇರೆ. ಡಾಂಬರಿನ ವಾಸನೆ ಬಂದರೆ ಅದು ಕ್ರಿಯೋಸೋಟ್, ಕಲ್ಲಿದ್ದಲ ಟಾರಿನ ಎಣ್ಣೆ. ಬೇಸಿಗೆಯಲ್ಲಿ ಬೆವರಿದ ಹಾಗೆ ಜಿನುಗುತ್ತದೆ. ಅದು ಮೈಗೆ ತಾಗಿ, ಮೇಲೆ ಬಿಸಿಲೂ ಬಿದ್ದರೆ ಚರ್ಮ ಸುಟ್ಟಂತೆ ಉರಿಯುತ್ತದೆ. ಇದನ್ನೂ ಸುಡಬಾರದು.

ಗಟ್ಟಿ ಇರುವ ಮರವನ್ನು ಬಿಸಾಡುವ ಬದಲು ಹೊರಗೆ ಬಳಸುವುದೇ ಒಳ್ಳೆಯದು. ಬೇಲಿಗೆ, ಗೇಟಿಗೆ ಹಾಕಿ. ಬಾವಿಯ ಪಕ್ಕ, ಸೊಪ್ಪಿನ ಮಡಿಯ ಅಂಚಿಗೆ, ದನ ನೆಕ್ಕುವ ಗೋದಲಿಗೆ, ಮಕ್ಕಳ ಉಯ್ಯಾಲೆಗೆ ಬೇಡವೇ ಬೇಡ. ಹುಳು ಮನೆಯ ತಟ್ಟೆ ಸ್ಟ್ಯಾಂಡಿಗಂತೂ ಯೋಚನೆಯನ್ನೂ ಮಾಡಬೇಡಿ, ರೇಷ್ಮೆ ಹುಳು ಎಷ್ಟು ಸೂಕ್ಷ್ಮ ಅಂತ ನಿಮಗೆ ಹೇಳಬೇಕಾ?

ಕೊಯ್ಯುವುದಿದ್ದರೆ ಬಯಲಲ್ಲಿ, ಕೆಳಗೆ ಟಾರ್ಪಾಲಿನ್ ಹಾಸಿ ಕೊಯ್ಯಿರಿ. ಎನ್-95 ಮಾಸ್ಕ್, ಗ್ಲೌಸ್, ತುಂಬುತೋಳಿನ ಅಂಗಿ ಇರಲಿ. ಆ ಬಟ್ಟೆ ಬೇರೆಯಾಗಿ ಒಗೆಯಿರಿ. ಹೊಟ್ಟನ್ನು ಕೋಳಿಗೂಡಿಗೆ ಹಾಸುವ ಅಭ್ಯಾಸ ನಮ್ಮ ಕಡೆ ಇದೆ ಅಲ್ವಾ? ಈ ಹೊಟ್ಟನ್ನು ಹಾಸಬೇಡಿ.

ಬೇಡದ ತುಂಡು, ಹೊಟ್ಟು ದಪ್ಪ ಚೀಲದಲ್ಲಿ ಕಟ್ಟಿ ಮಳೆ ತಾಗದ ಕಡೆ ಇಡಿ. ಸೌದೆ ಅಂತ ಯಾರಿಗೂ ಸುಮ್ನೆ ಕೊಡಬೇಡಿ, ನಿಮ್ಮ ಕೆಲಸದಾಕೆಯ ಒಲೆಗೆ ಹೋಗುತ್ತದೆ ಅಷ್ಟೇ. ಎಲ್ಲಿಗೆ ಒಪ್ಪಿಸಬೇಕು ಅಂತ ಪಂಚಾಯಿತಿಯಲ್ಲಿ ಇಲ್ಲವೇ ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿಯಲ್ಲಿ ಕೇಳಿ. ಅಪಾಯಕಾರಿ ಕಸ ಅಂತಲೇ ಹೇಳಿ.

ಒಲೆಯಲ್ಲಿರುವ ಬೂದಿಗೆ ನೀರು ಚಿಮುಕಿಸಿ, ಧೂಳೇಳದ ಹಾಗೆ ಬಾಚಿ, ಇದೇ ಚೀಲಕ್ಕೆ ತುಂಬಿ. ಆ ಬೂದಿಯಲ್ಲಿ ಪಾತ್ರೆ ಬೆಳಗಿದ್ದರೆ ಸೋಪು ಹಾಕಿ ಇನ್ನೊಂದು ಸಲ ಚೆನ್ನಾಗಿ ತೊಳೆಯಿರಿ, ಪಾತ್ರೆ ಬಿಸಾಡಬೇಕಿಲ್ಲ.